ರಿಂಗ್ ಹಾಕಿದ ಮೇಲೂ ನೀಲಿ ಹೊಗೆಯಾ? ಪಿಸ್ಟನ್ ರಿಂಗ್ ಬದಲಾವಣೆ ಮತ್ತು ಹೋನಿಂಗ್: ಸಮಗ್ರ ಮಾರ್ಗದರ್ಶಿ

ಪಿಸ್ಟನ್ ಸುತ್ತ ಕೂತು ಆಯಿಲ್ ಮೇಲೆ ಬರದಂತೆ ತಡೆಯುವ ರಿಂಗಿನ ಕೆಲಸ ಮಾಡಿಸಿ ಕೆಲವೇ ತಿಂಗಳಿಗೆ ಮತ್ತೆ ಹೊಗೆ, ಮತ್ತೆ ಆಯಿಲ್ ಕಡಿಮೆ. ಈ ದೂರು ಮುಗಿಯುವುದೇ ಇಲ್ಲ. ಬೈಗುಳ ತಿನ್ನುವುದು ಮಾತ್ರ ಯಾವಾಗಲೂ ರಿಂಗ್: "ಮಾಲು ಸರಿ ಇರಲಿಲ್ಲ", "ಡೂಪ್ಲಿಕೇಟ್ ಕೊಟ್ಟರು". ನಿಜ ಹೇಳಬೇಕೆಂದರೆ ಬಹಳಷ್ಟು ಕೆಲಸ ಕೆಡುವುದು ರಿಂಗ್ ಒಳಗೆ ಹೋಗುವ ಮುಂಚೆಯೇ. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ತೂತು) ಅಳೆಯದೆ ರಿಂಗ್ ತಂದಿರುತ್ತಾರೆ. ಅಥವಾ ಹೋನಿಂಗ್ (ಬೋರಿನ ಗೋಡೆಗೆ ಕಲ್ಲಿನಿಂದ ಸಣ್ಣ ಅಡ್ಡಗೀರು ಹಾಕುವುದು) ಆದಮೇಲೆ ಸೀಮೆಎಣ್ಣೆಯಲ್ಲಿ ಒರೆಸಿ, ಸೋಪು ನೀರಿನಲ್ಲಿ ತೊಳೆಯದೆ ಮುಚ್ಚಿರುತ್ತಾರೆ. ಅದಕ್ಕೇ ಈ ಬರಹದಲ್ಲಿ ಅಳತೆ ಮತ್ತು ತೊಳೆಯುವ ಹಂತಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಬಿಚ್ಚುವುದು ಜೋಡಿಸುವುದು ಅಷ್ಟು ಕಷ್ಟದ್ದಲ್ಲ.

ಉದಾಹರಣೆಗೆ ಮಾರುತಿ 800ರ ಕಾರ್ಬ್ಯುರೇಟರ್ ಇಂಜಿನ್ ಎಫ್8ಬಿ ತೆಗೆದುಕೊಂಡಿದ್ದೇನೆ. ಮೂರು ಸಿಲಿಂಡರ್, 796 ಸಿಸಿ, ಬೋರ್ 68.5 ಎಂಎಂ, ಸ್ಟ್ರೋಕ್ 72 ಎಂಎಂ. ಹಳೆಯ ಓಮ್ನಿಯಲ್ಲೂ ಇದೇ ಇಂಜಿನ್. ಮೊದಲ ಸಲ ಕೈ ಹಾಕುವವರಿಗೆ ಇದಕ್ಕಿಂತ ಸುಲಭದ್ದು ಸಿಗುವುದು ಕಷ್ಟ. ಬೇರೆ ಕಾರಾದರೆ ಹಂತಗಳ ಕ್ರಮ ಇದೇ, ಆದರೆ ಅಳತೆಗಳನ್ನು ನಿಮ್ಮ ಇಂಜಿನ್ನಿನ ಸರ್ವಿಸ್ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಿ. ಬೋರಿಗೆ ನಿಕಾಸಿಲ್‌ನಂಥ ಲೇಪನ ಇರುವ ಇಂಜಿನ್‌ಗಳಿಗೆ ಇಲ್ಲಿ ಹೇಳುವ ಹೋನಿಂಗ್ ಮಾಡಲೇಬೇಡಿ. ಇದು ಎರಕದ ಕಬ್ಬಿಣದ ಬೋರಿನ ಕೆಲಸ.

## ಶುರು ಮಾಡುವ ಮುಂಚೆ ಕೈಗೆ ಬೇಕಾದ ಸಾಮಾನು

ಮಾಮೂಲಿ ಪಾನಾ, ಸಾಕೆಟ್ ಸೆಟ್ ಇದ್ದೇ ಇರುತ್ತದೆ. ಅದರ ಜೊತೆಗೆ ಇವು ಬೇಕು:

- ಟಾರ್ಕ್ ರೆಂಚ್
- ಕಂಪ್ರೆಷನ್ ಗೇಜ್
- ಫೀಲರ್ ಗೇಜ್
- ಡಯಲ್ ಬೋರ್ ಗೇಜ್ ಮತ್ತು 50ರಿಂದ 75 ಎಂಎಂ ಮೈಕ್ರೋಮೀಟರ್
- ಮೂರು ಕಲ್ಲಿನ ಸ್ಪ್ರಿಂಗ್ ಹೋನ್ ಅಥವಾ ಬಾಲ್ ಹೋನ್. ಕಲ್ಲು 220ರಿಂದ 280 ಗ್ರಿಟ್
- ವೇಗ ಕಡಿಮೆ ಮಾಡಲು ಬರುವ ಡ್ರಿಲ್ ಮಷಿನ್
- ರಿಂಗ್ ಎಕ್ಸ್‌ಪ್ಯಾಂಡರ್, ರಿಂಗ್ ಕಂಪ್ರೆಸರ್
- ನೈಲಾನ್ ಬ್ರಷ್, ಬಟ್ಟೆ ಒಗೆಯುವ ಪುಡಿ, ನೂಲು ಬಿಡದ ಬಿಳಿ ಬಟ್ಟೆ

ಬೋರ್ ಗೇಜ್ ಕೊಳ್ಳುವುದು ದುಬಾರಿ ಅನ್ನಿಸಿದರೆ ಕೊಳ್ಳಬೇಡಿ. ಬ್ಲಾಕನ್ನು ಬೋರಿಂಗ್ ಮಾಡುವ (ಸವೆದ ಬೋರನ್ನು ದೊಡ್ಡದಾಗಿ ಕೊರೆಯುವ) ಅಂಗಡಿಗೆ ಒಯ್ದು ಅಳೆಸಿ, ಅಳತೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. "ಪರವಾಗಿಲ್ಲ, ನಡೆಯುತ್ತೆ" ಅನ್ನುವುದು ಅಳತೆಯಲ್ಲ, ಅಂಕಿ ಬೇಕು. ವರ್ನಿಯರ್ ಕ್ಯಾಲಿಪರ್‌ನಲ್ಲಿ ಬೋರ್ ಅಳೆಯುವ ಆಸೆ ಬಿಡಿ. ನೂರನೇ ಒಂದು ಎಂಎಂ ಲೆಕ್ಕದ ಕೆಲಸಕ್ಕೆ ಅದು ಸಾಲದು.

ಗ್ಯಾಸ್ಕೆಟ್ ಸೆಟ್, ವಾಲ್ವ್ ಸೀಲ್, ಆಯಿಲ್ ಫಿಲ್ಟರ್, ಟೈಮಿಂಗ್ ಬೆಲ್ಟ್ ಮೊದಲೇ ತಂದಿಡಬಹುದು. ರಿಂಗ್ ಮಾತ್ರ ಈಗಲೇ ತರಬೇಡಿ. ಯಾಕೆ ಅನ್ನುವುದು ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ತಪ್ಪು ರಿಂಗಿನದೇ ಅಂತ ಖಚಿತ ಮಾಡಿಕೊಳ್ಳಿ

ಹೊಗೆ ಬಂತು ಅಂದ ತಕ್ಷಣ ರಿಂಗ್ ಹೋಯಿತು ಅಂತ ತೀರ್ಮಾನಿಸಬೇಡಿ. ಹೊಗೆ ಯಾವಾಗ ಬರುತ್ತದೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತುಹೋದರೆ ಅನುಮಾನ ವಾಲ್ವ್ ಸೀಲ್ ಮೇಲೆ ಹೋಗಬೇಕು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು, ಮತ್ತೆ ಒತ್ತಿದಾಗ ಬುಸ್ಸೆಂದು ಬಂದರೂ ಹಾಗೆಯೇ, ಸೀಲ್ ಇಲ್ಲವೇ ವಾಲ್ವ್ ಗೈಡ್. ಲೋಡ್ ಹಾಕಿ ಎಳೆಸುವಾಗ, ಏರು ಹತ್ತುವಾಗ ಬಿಡದೆ ನೀಲಿ ಹೊಗೆ ಬಂದರೆ ರಿಂಗ್. ಕಪ್ಪು ಹೊಗೆ ಪೆಟ್ರೋಲ್ ಜಾಸ್ತಿ ಆಗಿದ್ದಕ್ಕೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿದೆ.

ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ರಭಸದಿಂದ ಹೊಗೆ ನುಗ್ಗಿದರೆ ನಮ್ಮ ಗ್ಯಾರೇಜಿನವರು ಹೇಳುವ ಬ್ಯಾಕ್ ಕಂಪ್ರೆಷನ್ ಅದೇ, ಅಂದರೆ ಉರಿಯ ಒತ್ತಡ ರಿಂಗ್ ದಾಟಿ ಕೆಳಗೆ ಸೋರುವುದು. ಆದರೆ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೂ ಹೀಗೇ ಕಾಣುತ್ತದೆ, ಅದನ್ನು ಮೊದಲು ಬಿಡಿಸಿ ನೋಡಿ.

ಇನ್ನು ಕಂಪ್ರೆಷನ್ ಪರೀಕ್ಷೆ. ಮೊದಲು ಟ್ಯಾಪೆಟ್ ಗ್ಯಾಪ್ (ವಾಲ್ವ್ ತುದಿಯ ಸಂದಿ) ಸರಿ ಇದೆಯಾ ನೋಡಿ. ಇಂಜಿನ್ ಬಿಸಿ ಮಾಡಿ ನಿಲ್ಲಿಸಿ. ಮೂರೂ ಪ್ಲಗ್ ಬಿಚ್ಚಿ, ಕಾಯಿಲ್ ಸಂಪರ್ಕ ತೆಗೆಯಿರಿ. ಆಕ್ಸಿಲರೇಟರ್ ಪೂರ್ತಿ ಒತ್ತಿಸಿ ಹಿಡಿದು ಸೆಲ್ಫ್ ಹೊಡೆಯಿರಿ. ಗೇಜಿನ ಮುಳ್ಳು ಏರುವುದು ನಿಲ್ಲುವವರೆಗೆ ಸಾಕು. ಮೂರನ್ನೂ ಹೀಗೆ ನೋಡಿ ಬರೆದುಕೊಳ್ಳಿ. ಸಿಲಿಂಡರ್‌ಗಳ ನಡುವೆ ಚದರ ಸೆಂಟಿಮೀಟರಿಗೆ 1 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಏನೋ ಕೆಟ್ಟಿದೆ ಅಂತಲೇ ಅರ್ಥ.

ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಚೆನ್ನಾಗಿ ಮೇಲೆ ಹೋದರೆ ರಿಂಗ್ ಅಥವಾ ಬೋರ್ ಸವೆದಿದೆ. ಕದಲದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದು, ಆಯಿಲ್‌ಗೂ ಏಳದಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಈ ಒಂದು ಪರೀಕ್ಷೆ ಬಿಟ್ಟಿದ್ದಕ್ಕೆ ಸುಮ್ನೆ ಇಂಜಿನ್ ಇಳಿಸಿದವರು ಬಹಳ ಜನ.

## ಹಂತ 2: ಇಂಜಿನ್ ಇಳಿಸಿ, ಕಾರಿನಲ್ಲೇ ಹೋನಿಂಗ್ ಬೇಡ

ಹೆಡ್ ಮೇಲಿಂದ ತೆಗೆದು, ಚೇಂಬರ್ (ಆಯಿಲ್ ನಿಲ್ಲುವ ತೊಟ್ಟಿ) ಕೆಳಗಿಂದ ಬಿಚ್ಚಿ, ಇಂಜಿನ್ ಕಾರಿನಲ್ಲೇ ಇಟ್ಟುಕೊಂಡು ಪಿಸ್ಟನ್ ತೆಗೆಯಬಹುದು. ಗ್ಯಾರೇಜಿನಲ್ಲಿ ಸಮಯ ಉಳಿಸಲು ಹಾಗೆ ಮಾಡುತ್ತಾರೆ. ತಕರಾರು ಬರುವುದು ಹೋನಿಂಗ್ ಮಾಡುವಾಗ. ಕಲ್ಲಿನ ಪುಡಿ ನೇರ ಕ್ರ್ಯಾಂಕ್ ಮೇಲೆ ಬೀಳುತ್ತದೆ, ಆಯಿಲ್ ತೂತುಗಳಿಗೆ ಇಳಿಯುತ್ತದೆ. ಬಟ್ಟೆ ತುರುಕಿದರೂ ಪೂರ್ತಿ ತಡೆಯುವುದಿಲ್ಲ. ಇನ್ನು ಬ್ಲಾಕನ್ನು ಸೋಪು ನೀರಿನಲ್ಲಿ ತೊಳೆಯುವುದಂತೂ ಆಗದ ಮಾತು. ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿದೆ: ಹೋನಿಂಗ್ ಇದೆ ಅಂದರೆ ಇಂಜಿನ್ ಇಳಿಯಲೇಬೇಕು, ಕ್ರ್ಯಾಂಕ್ ಹೊರಗೆ ಬರಲೇಬೇಕು.

ಇಂಜಿನ್ ತಣ್ಣಗಿರುವಾಗ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಕೂಲಂಟ್, ಆಯಿಲ್ ಇಳಿಸಿ. ವೈರ್, ವ್ಯಾಕ್ಯೂಮ್ ಪೈಪ್ ಪ್ರತಿಯೊಂದಕ್ಕೂ ಟೇಪ್ ಸುತ್ತಿ ನಂಬರ್ ಬರೆಯಿರಿ, ಫೋನಿನಲ್ಲಿ ಫೋಟೋ ತೆಗೆಯಿರಿ. ಕಾರ್ಬ್ಯುರೇಟರ್ ಸುತ್ತ ಇರುವ ಸಣ್ಣ ಪೈಪುಗಳು ಬಿಚ್ಚುವಾಗ ನೆನಪಿರುತ್ತವೆ, ಹಾಕುವಾಗ ಇರುವುದಿಲ್ಲ. ಚೈನ್ ಬ್ಲಾಕ್ ಕಟ್ಟುವ ತೊಲೆ ಗಟ್ಟಿ ಇದೆಯಾ ನೋಡಿಕೊಳ್ಳಿ. ನೇತಾಡುವ ಇಂಜಿನ್ ಕೆಳಗೆ ಕೈ ಕಾಲು ಇಡಬೇಡಿ.

ಟೈಮಿಂಗ್ ಬೆಲ್ಟ್ ತೆಗೆಯುವ ಮುಂಚೆ ಒಂದನೇ ಸಿಲಿಂಡರಿನ ಪಿಸ್ಟನ್ ಪೂರ್ತಿ ಮೇಲೆ ಬರುವಂತೆ ಅದನ್ನು ಟಾಪ್‌ಗೆ ತಂದು, ಕ್ಯಾಮ್ ಪುಲ್ಲಿ ಮತ್ತು ಕ್ರ್ಯಾಂಕ್ ಪುಲ್ಲಿಯ ಗುರುತುಗಳನ್ನು ನೋಡಿಟ್ಟುಕೊಳ್ಳಿ. ಹೆಡ್ ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪಸ್ವಲ್ಪವೇ ಸಡಿಲಿಸಿ. ಒಂದೇ ಕಡೆಯಿಂದ ಪೂರ್ತಿ ಬಿಚ್ಚುತ್ತಾ ಹೋದರೆ ಹೆಡ್ ಬಾಗುತ್ತದೆ.

## ಹಂತ 3: ಪಿಸ್ಟನ್ ಹೊರಗೆ ತೆಗೆಯುವುದು

ಪಿಸ್ಟನ್ ಒತ್ತುವ ಮುಂಚೆ ಬೋರಿನ ಬಾಯಿಗೆ ಉಗುರು ಹಾಕಿ ಮೇಲಕ್ಕೆ ಎಳೆಯಿರಿ. ಮೇಲಿನ ರಿಂಗ್ ಬೋರಿನ ತುದಿಯವರೆಗೂ ಹೋಗುವುದಿಲ್ಲ. ಅದು ಓಡಾಡುವ ಜಾಗ ಸವೆಯುತ್ತದೆ, ಅದರ ಮೇಲಿನ ಪಟ್ಟಿ ಹಾಗೇ ಉಳಿದು ಒಂದು ಅಂಚು ಆಗುತ್ತದೆ. ಮೊದಲು ಅಲ್ಲಿಯ ಮಸಿ ತೆಗೆದು ನೋಡಿ, ಕೆಲವು ಸಲ ಬರೀ ಮಸಿಯೇ ಅಂಚಿನ ಹಾಗೆ ಸಿಗುತ್ತದೆ. ಮಸಿ ಹೋದಮೇಲೂ ಉಗುರು ಟಕ್ ಅಂತ ನಿಂತರೆ ಅದು ಲೋಹದ ಅಂಚು. ಅದನ್ನು ರಿಜ್ ರೀಮರ್‌ನಲ್ಲಿ ತೆಗೆಯದೆ ಪಿಸ್ಟನ್ ಬಡಿದು ಹೊರಡಿಸಿದರೆ ಪಿಸ್ಟನ್ನಿನಲ್ಲಿ ರಿಂಗುಗಳ ನಡುವೆ ಇರುವ ಪಟ್ಟಿ ಮುರಿಯುತ್ತದೆ. ಅಂಚು ಹಾಗೇ ಬಿಟ್ಟು ಹೊಸ ರಿಂಗ್ ಹಾಕಿದರೆ ಇನ್ನೊಂದು ಅಪಾಯ. ಹೊಸ ರಿಂಗಿನ ಮೂಲೆ ಚೂಪಾಗಿರುತ್ತದೆ, ಅದು ಅಂಚಿಗೆ ತಗುಲಿ ತುಂಡಾಗುತ್ತದೆ. ಅಂಚು ಜೋರಾಗಿಯೇ ಸಿಗುತ್ತಿದೆ ಅಂದರೆ ಬೋರ್ ಕೂಡ ಅಷ್ಟೇ ಸವೆದಿದೆ, ಬೋರಿಂಗ್ ಖರ್ಚಿಗೆ ಮನಸ್ಸು ಸಿದ್ಧ ಮಾಡಿಕೊಳ್ಳಿ.

ಕನೆಕ್ಟಿಂಗ್ ರಾಡ್ ಮತ್ತು ಅದರ ಕ್ಯಾಪ್ ಎರಡಕ್ಕೂ ಸಿಲಿಂಡರ್ ನಂಬರ್ ಗುರುತು ಹಾಕಿ. ಕ್ಯಾಪ್ ಅದಲು ಬದಲಾಗಬಾರದು, ತಿರುಗಿಯೂ ಕೂರಬಾರದು. ಎರಡನ್ನೂ ಜೋಡಿಯಾಗಿಯೇ ಕೊರೆದಿರುತ್ತಾರೆ. ಕ್ಯಾಪ್ ತೆಗೆದ ತಕ್ಷಣ ರಾಡ್ ಬೋಲ್ಟುಗಳಿಗೆ ಹಳೆಯ ಪೆಟ್ರೋಲ್ ಪೈಪಿನ ತುಂಡು ತೊಡಿಸಿ. ಇಲ್ಲದಿದ್ದರೆ ಬೋಲ್ಟಿನ ಥ್ರೆಡ್ ಕ್ರ್ಯಾಂಕ್ ಪಿನ್ನಿಗೆ ಗೀರು ಹಾಕುತ್ತದೆ. ಸುತ್ತಿಗೆಯ ಮರದ ಹಿಡಿಯಿಂದ ಕೆಳಗಿನಿಂದ ಮೇಲಕ್ಕೆ ನೂಕಿ.

ಪಿಸ್ಟನ್ ಮೂರೂ ಬಂದಮೇಲೆ ಮೇನ್ ಕ್ಯಾಪ್‌ಗಳಿಗೂ ನಂಬರ್ ಹಾಕಿ ಕ್ರ್ಯಾಂಕ್ ಎತ್ತಿ. ಬೇರಿಂಗ್‌ಗಳನ್ನು ಯಾವುದು ಎಲ್ಲಿಯದು ಅಂತ ಬೇರೆಬೇರೆ ಇಡಿ. ಅವುಗಳ ಮೇಲೆ ತಾಮ್ರದ ಬಣ್ಣ ಕಂಡರೆ ಹೊಸದು ಬೇಕು.

## ಹಂತ 4: ಅಳತೆ, ತೀರ್ಮಾನ ಆಗುವುದು ಇಲ್ಲೇ

ಇಲ್ಲಿ ಅವಸರ ಬೇಡ. ಪ್ರತಿ ಬೋರನ್ನೂ ಮೂರು ಎತ್ತರದಲ್ಲಿ ಅಳೆಯಿರಿ: ಮೇಲಿನ ರಿಂಗ್ ಮೇಲಕ್ಕೆ ಹೋಗಿ ವಾಪಸ್ ತಿರುಗುವ ಜಾಗ, ನಡುವೆ, ಕೆಳಗೆ. ಪ್ರತಿ ಎತ್ತರದಲ್ಲೂ ಎರಡು ದಿಕ್ಕು: ಕ್ರ್ಯಾಂಕಿನ ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು. ಅಂದರೆ ಒಂದು ಬೋರಿಗೆ ಆರು ಅಳತೆ. ಪಿಸ್ಟನ್ ಬೋರಿನ ಗೋಡೆಗೆ ಒತ್ತುವುದು ಕ್ರ್ಯಾಂಕಿಗೆ ಅಡ್ಡವಾಗಿ, ಹಾಗಾಗಿ ಸವೆತ ಆ ದಿಕ್ಕಿನಲ್ಲೇ ಜಾಸ್ತಿ.

ಬೋರ್ ಗೇಜನ್ನು ಮೈಕ್ರೋಮೀಟರ್‌ನಲ್ಲಿ 68.50ಕ್ಕೆ ಸೊನ್ನೆ ಮಾಡಿಕೊಳ್ಳಿ. ಒಳಗೆ ಇಳಿಸಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಓಲಾಡಿಸಿ. ಮುಳ್ಳು ಒಂದು ಕಡೆ ಹೋಗಿ, ನಿಂತು, ತಿರುಗಿ ಬರುತ್ತದೆ. ಅದು ತಿರುಗುವ ಆ ಬಿಂದುವಿನಲ್ಲಿ ಗೇಜ್ ನೆಟ್ಟಗೆ ನಿಂತಿರುತ್ತದೆ, ಬೋರಿನ ನಿಜವಾದ ಅಳತೆ ಅದೇ. ಗೇಜ್ ಓರೆ ಇದ್ದರೆ ಅಳತೆ ಜಾಸ್ತಿ ತೋರಿಸುತ್ತದೆ.

ಮೇಲೆ ಕೆಳಗಿನ ವ್ಯತ್ಯಾಸ ಟೇಪರ್. ಉದ್ದ ಅಡ್ಡದ ವ್ಯತ್ಯಾಸ ಓವ್ಯಾಲಿಟಿ. ಈ ಇಂಜಿನ್ನಿಗೆ ಎರಡರ ಮಿತಿಯೂ 0.10 ಎಂಎಂ. ದಾಟಿದರೆ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು, ಬೇರೆ ದಾರಿ ಇಲ್ಲ. ಮಿತಿಯ ಒಳಗಿದೆ ಅಂದರೂ 0.05 ದಾಟಿದ್ದರೆ ನಾನಂತೂ ಬರೀ ರಿಂಗ್ ಹಾಕುವ ಪಕ್ಷದವನಲ್ಲ. ಟೇಪರ್ ಇರುವ ಬೋರಿನಲ್ಲಿ ರಿಂಗ್ ಪ್ರತಿ ಸಲ ಮೇಲೆ ಹೋದಾಗ ಅರಳುತ್ತದೆ, ಕೆಳಗೆ ಬಂದಾಗ ಮುದುಡುತ್ತದೆ. ಹಾಗೆ ಆಡುತ್ತಾ ಆಡುತ್ತಾ ರಿಂಗೂ ಸವೆಯುತ್ತದೆ, ಪಿಸ್ಟನ್ನಿನ ಗಾಡಿಯೂ (ರಿಂಗ್ ಕೂರುವ ತೋಡು) ಸವೆಯುತ್ತದೆ. ಕೆಲವೇ ತಿಂಗಳಿಗೆ ಹೊಗೆ ವಾಪಸ್ ಬರುವುದು ಹೀಗೆ.

ಹೋನಿಂಗ್ ಇದನ್ನು ಸರಿಪಡಿಸುವುದಿಲ್ಲ. ಸ್ಪ್ರಿಂಗ್ ಹೋನ್ ಬೋರಿನ ಆಕಾರವನ್ನು ಹಿಂಬಾಲಿಸುತ್ತದೆ ಅಷ್ಟೇ. ಮೊಟ್ಟೆಯಾಕಾರದ ಬೋರ್ ಹೋನ್ ಮಾಡಿದ ಮೇಲೂ ಮೊಟ್ಟೆಯಾಕಾರವೇ. ಉದ್ದುದ್ದ ಗೀರು ಉಗುರಿಗೆ ಸಿಕ್ಕರೂ ಹಾಗೆಯೇ, ಕಲ್ಲು ಅದನ್ನು ಅಳಿಸುವ ಹೊತ್ತಿಗೆ ಬೋರ್ ದೊಡ್ಡದಾಗಿರುತ್ತದೆ.

ಪಿಸ್ಟನ್ ಅಳೆಯುವುದು ಕೆಳಗಿನ ಸ್ಕರ್ಟ್ ಭಾಗದಲ್ಲಿ, ಗಜನ್ ಪಿನ್ನಿಗೆ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್) ಅಡ್ಡವಾಗಿ. ಬೋರಿನ ಅಳತೆಯಿಂದ ಇದನ್ನು ಕಳೆದರೆ ಕ್ಲಿಯರೆನ್ಸ್ ಸಿಗುತ್ತದೆ. ಮ್ಯಾನುಯಲ್ ಮಿತಿಗಿಂತ ಜಾಸ್ತಿ ಇದ್ದರೆ ಹೊಸ ರಿಂಗ್ ಹಾಕಿದರೂ ಪಿಸ್ಟನ್ ಒಳಗೆ ಬಡಿಯುತ್ತದೆ, ರಿಂಗ್ ನೆಟ್ಟಗೆ ನಿಲ್ಲುವುದಿಲ್ಲ.

ಈಗ ರಿಂಗ್ ತನ್ನಿ. ಬೋರ್ ಸರಿ ಇದ್ದರೆ ಸ್ಟ್ಯಾಂಡರ್ಡ್. ಈ ಹಿಂದೆಯೇ ಬೋರಿಂಗ್ ಆಗಿದ್ದರೆ ಪಿಸ್ಟನ್ ತಲೆಯ ಮೇಲೆ 0.25 ಅಥವಾ 0.50 ಅಂತ ಇರುತ್ತದೆ. ಅಂಗಡಿಯಲ್ಲಿ ಇದನ್ನೇ 010, 020 ಅಂತಾರೆ. ಬೋರಿಂಗ್ ಮಾಡಿಸುವುದಾದರೆ ಮೊದಲು ಪಿಸ್ಟನ್ ಕೊಂಡು, ಬ್ಲಾಕಿನ ಜೊತೆ ಅವನ್ನೂ ಅಂಗಡಿಗೆ ಕೊಡಿ. ಪಿಸ್ಟನ್ ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಬೇಕು. ಅಲ್ಲೇ ಹೋನಿಂಗೂ ಮುಗಿಯುತ್ತದೆ, ನೀವು ಹಂತ 6ಕ್ಕೆ ಹೋಗಬಹುದು.

ಒಂದು ಕೆಟ್ಟ ರೂಢಿ ಇದೆ. ಸವೆದ ಸ್ಟ್ಯಾಂಡರ್ಡ್ ಬೋರಿಗೆ 020 ರಿಂಗ್ ತಂದು, ತುದಿ ಉಜ್ಜಿ ತೂರಿಸುವುದು. ಗ್ಯಾಪ್ ಸರಿಯಾಗಿಯೇ ಕಾಣುತ್ತದೆ. ಆದರೆ ದೊಡ್ಡ ಬೋರಿಗೆ ದುಂಡಗೆ ಮಾಡಿದ ರಿಂಗ್ ಸಣ್ಣ ಬೋರಿನಲ್ಲಿ ದುಂಡಗೆ ಕೂರುವುದಿಲ್ಲ. ರಿಂಗನ್ನು ಬೋರಿಗೆ ಹಾಕಿ ಕೆಳಗಿನಿಂದ ಟಾರ್ಚ್ ಬಿಟ್ಟರೆ ಸುತ್ತ ಬೆಳಕಿನ ಗೆರೆ ಕಾಣುತ್ತದೆ. ಬೆಳಕು ಬರುವ ಕಡೆ ಆಯಿಲೂ ಬರುತ್ತದೆ.

## ಹಂತ 5: ಹೋನಿಂಗ್

ಹಳೆಯ ಬೋರ್ ಗಾಜಿನಂತೆ ಹೊಳೆಯುತ್ತಿರುತ್ತದೆ. ನೋಡಲು ಚೆಂದ, ಹೊಸ ರಿಂಗಿಗೆ ಆಗಿಬರುವುದಿಲ್ಲ. ನುಣ್ಣಗಿರುವ ಗೋಡೆಯಲ್ಲಿ ಆಯಿಲ್ ನಿಲ್ಲುವುದಿಲ್ಲ, ರಿಂಗಿನ ಮುಖ ಉಜ್ಜಿಕೊಂಡು ಹೊಂದಿಕೊಳ್ಳುವುದೂ ಇಲ್ಲ. ಅಡ್ಡಗೀರುಗಳ ಜಾಲ ಮೂಡಿಸುವುದಷ್ಟೇ ನಮ್ಮ ಕೆಲಸ, ಲೋಹ ತೆಗೆಯುವುದಲ್ಲ.

1. ಬ್ಲಾಕ್ ಅಲುಗಾಡದಂತೆ ಇಡಿ. ಬೋರಿಗೆ ಹೋನಿಂಗ್ ಆಯಿಲ್ ಧಾರಾಳವಾಗಿ ಹಚ್ಚಿ. ಅದಿಲ್ಲದಿದ್ದರೆ ತೆಳು ಇಂಜಿನ್ ಆಯಿಲ್‌ಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ. ಒಣಗಿದ ಬೋರಿನಲ್ಲಿ ಕಲ್ಲು ಓಡಿಸಿದರೆ ಕಲ್ಲು ಕಟ್ಟಿಕೊಂಡು ಆಳವಾದ ಗೀರು ಬೀಳುತ್ತದೆ.
2. ಡ್ರಿಲ್ ವೇಗ ನಿಮಿಷಕ್ಕೆ 300ರಿಂದ 500 ಸುತ್ತಿನ ಒಳಗಿರಲಿ. ಕಲ್ಲನ್ನು ಬೋರಿನೊಳಗೆ ಇಳಿಸಿದ ಮೇಲೆಯೇ ಸ್ವಿಚ್ ಒತ್ತಿ.
3. ಸುತ್ತುತ್ತಿರುವಾಗಲೇ ಮೇಲೆ ಕೆಳಗೆ ಒಂದೇ ಸಮನೆ ಆಡಿಸಿ. ಎಲ್ಲೂ ನಿಲ್ಲಬೇಡಿ, ನಿಂತ ಕಡೆ ಗುಳಿ ಬೀಳುತ್ತದೆ. ಕಲ್ಲಿನ ಕಾಲುಭಾಗದಷ್ಟು ಮಾತ್ರ ಬೋರಿನ ತುದಿಗಳಿಂದ ಆಚೆ ಬರಲಿ.
4. ಹತ್ತು ಹದಿನೈದು ಸೆಕೆಂಡ್ ಮಾಡಿ, ನಿಲ್ಲಿಸಿ, ಒರೆಸಿ ನೋಡಿ. ಹೊಳಪು ಉಳಿದಿದ್ದರೆ ಇನ್ನೊಂದು ಸುತ್ತು.

ಗೀರುಗಳು ಒಂದನ್ನೊಂದು 45ರಿಂದ 60 ಡಿಗ್ರಿಯಲ್ಲಿ ಕತ್ತರಿಸಬೇಕು. ಗೀರು ತೀರಾ ಅಡ್ಡಡ್ಡ ಬಿದ್ದಿದ್ದರೆ ನಿಮ್ಮ ಕೈ ನಿಧಾನವಾಯಿತು ಅಥವಾ ಡ್ರಿಲ್ ಜೋರಾಯಿತು. ತೀರಾ ನೆಟ್ಟಗೆ ನಿಂತಿದ್ದರೆ ಅದರ ಉಲ್ಟಾ. ಕೈ ಮತ್ತು ಡ್ರಿಲ್ ಹೊಂದಿಕೊಳ್ಳಲು ಸ್ವಲ್ಪ ಅಭ್ಯಾಸ ಬೇಕು. ಗುಜರಿಯಲ್ಲಿ ಹಳೆಯ ಬ್ಲಾಕ್ ಸಿಕ್ಕರೆ ಮೊದಲು ಅದರ ಮೇಲೆ ಕೈ ಪಳಗಿಸಿ.

ಹೊರಗೆ ತೆಗೆಯುವಾಗ ಎಚ್ಚರ. ಬಾಲ್ ಹೋನ್ ಆದರೆ ಸುತ್ತುತ್ತಿರುವಾಗಲೇ ಎಳೆದುಕೊಳ್ಳಿ, ನಿಲ್ಲಿಸಿ ಎಳೆದರೆ ಉದ್ದ ಗೀರು ಬೀಳುತ್ತದೆ. ಮೂರು ಕಲ್ಲಿನದಾದರೆ ಸ್ವಿಚ್ ಬಿಟ್ಟು, ನಿಲ್ಲುವವರೆಗೂ ಮೇಲೆ ಕೆಳಗೆ ಆಡಿಸುತ್ತಲೇ ಇದ್ದು, ಕಲ್ಲುಗಳನ್ನು ಒಳಕ್ಕೆ ಒತ್ತಿ ಹಿಡಿದು ತೆಗೆಯಿರಿ. ಸುತ್ತುತ್ತಿರುವಾಗ ಹೊರಗೆ ಬಂದರೆ ಕಾಲುಗಳು ಅರಳಿ ಬಡಿಯುತ್ತವೆ, ಕಲ್ಲು ಚೂರಾಗಿ ಮುಖಕ್ಕೆ ಹಾರಬಹುದು. ಕನ್ನಡಕ ಹಾಕಿಕೊಂಡೇ ಈ ಕೆಲಸ ಮಾಡಿ.

ಎಮೆರಿ ಪೇಪರ್ ಕೈಯಲ್ಲಿ ಹಿಡಿದು ಉಜ್ಜುವುದು ಹೋನಿಂಗ್ ಅಲ್ಲ. ಬೆರಳು ಒತ್ತಿದ ಕಡೆ ಜಾಸ್ತಿ, ಉಳಿದ ಕಡೆ ಕಡಿಮೆ ಸವೆಯುತ್ತದೆ. ಗೀರಿನ ಕೋನವೂ ಬರುವುದಿಲ್ಲ.

## ಹಂತ 6: ಸೋಪು ನೀರು, ಮತ್ತೆ ಸೋಪು ನೀರು

ಎಲ್ಲರೂ ಜಾರುವ ಹಂತ ಇದು. ಹೋನಿಂಗ್ ಮುಗಿದ ಬೋರಿನ ಗೀರುಗಳ ಒಳಗೆ ಕಲ್ಲಿನ ಪುಡಿ ಮತ್ತು ಕಬ್ಬಿಣದ ಪುಡಿ ಕೂತಿರುತ್ತದೆ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಹಾಕಿ ಒರೆಸಿದರೆ ಮೇಲಿನ ಎಣ್ಣೆ ಹೋಗುತ್ತದೆ, ಪುಡಿ ಗೀರಿನಲ್ಲೇ ಇಳಿದು ಕೂರುತ್ತದೆ. ಕಣ್ಣಿಗೆ ಬೋರ್ ಫಳಫಳ ಅನ್ನುತ್ತದೆ. ಇಂಜಿನ್ ಓಡಲು ಶುರುವಾದ ಮೇಲೆ ಅದೇ ಪುಡಿ ಹೊಸ ರಿಂಗನ್ನೂ ಬೇರಿಂಗನ್ನೂ ತಿನ್ನುತ್ತದೆ.

ಬಿಸಿ ನೀರಿಗೆ ಬಟ್ಟೆ ಒಗೆಯುವ ಪುಡಿ ಹಾಕಿ ಚೆನ್ನಾಗಿ ನೊರೆ ಬರಿಸಿ. ನೈಲಾನ್ ಬ್ರಷ್‌ನಿಂದ ಬೋರನ್ನು ಒತ್ತಿ ಉಜ್ಜಿ. ನೀರು ಬದಲಿಸಿ ಮತ್ತೆ ಉಜ್ಜಿ. ಬ್ಲಾಕಿನ ಆಯಿಲ್ ದಾರಿಗಳಿಗೆ ಸಣ್ಣ ಬ್ರಷ್ ತೂರಿಸಿ, ನೀರು ಹರಿಸಿ, ಗಾಳಿ ಹೊಡೆಸಿ. ಬೋಲ್ಟ್ ತೂತುಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಹೆಡ್ ಬೋಲ್ಟ್ ತೂತಿನಲ್ಲಿ ನೀರಿದ್ದು ಬಿಗಿದರೆ ಬ್ಲಾಕ್ ಬಿರಿಯಬಹುದು.

ಒಣಗಿಸಿದ ಕೂಡಲೇ ಬಿಳಿ ಬಟ್ಟೆಗೆ ಹೊಸ ಇಂಜಿನ್ ಆಯಿಲ್ ಹಚ್ಚಿ ಬೋರ್ ಒರೆಸಿ. ಬಟ್ಟೆಗೆ ಬೂದು ಬಣ್ಣ ಬಂತಾ? ಬಂದರೆ ಇನ್ನೂ ಪುಡಿ ಇದೆ, ವಾಪಸ್ ಸೋಪು ನೀರಿಗೆ. ಬಟ್ಟೆ ಬಿಳಿಯಾಗಿಯೇ ಬರುವವರೆಗೂ ಇದು ಮುಗಿಯುವುದಿಲ್ಲ. ಬೇಸರವಾಗುತ್ತದೆ, ಬೆನ್ನು ನೋಯುತ್ತದೆ, ಆದರೂ ಮಾಡಿ.

ಕೊನೆಗೆ ಬೋರಿಗೆಲ್ಲ ಆಯಿಲ್ ಸವರಿ ಪ್ಲಾಸ್ಟಿಕ್ ಹೊದಿಸಿ. ಹೊಸದಾಗಿ ಉಜ್ಜಿದ ಕಬ್ಬಿಣ ಬಹಳ ಬೇಗ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರದ ಕಡೆಯ ಮಳೆಗಾಲದಲ್ಲಂತೂ ಆಯಿಲ್ ಇಲ್ಲದೆ ರಾತ್ರಿ ಬಿಟ್ಟರೆ ಬೆಳಿಗ್ಗೆ ಕಂದು ಬಣ್ಣ ನೋಡುತ್ತೀರಿ.

## ಹಂತ 7: ಪಿಸ್ಟನ್ ಗಾಡಿ ಮತ್ತು ರಿಂಗ್ ಗ್ಯಾಪ್

ಹಳೆಯ ರಿಂಗ್ ತೆಗೆದು ಗಾಡಿಯ ಮಸಿ ಕೆರೆಯಿರಿ. ಮುರಿದ ಹಳೆಯ ರಿಂಗಿನ ತುಂಡೇ ಇದಕ್ಕೆ ಒಳ್ಳೆಯ ಸಾಧನ. ಮಸಿ ಮಾತ್ರ ಬರಬೇಕು, ಬೆಳ್ಳಗಿನ ಅಲ್ಯೂಮಿನಿಯಂ ಎಳೆ ಬಂದರೆ ಕೈ ನಿಲ್ಲಿಸಿ. ಆಯಿಲ್ ರಿಂಗ್ ಗಾಡಿಯ ಹಿಂದಿನ ಸಣ್ಣ ತೂತುಗಳು ಪೂರ್ತಿ ತೆರೆದಿರಬೇಕು. ಅವು ಕಟ್ಟಿಕೊಂಡಿದ್ದರೆ ಹೊಸ ಆಯಿಲ್ ರಿಂಗ್ ಕೆರೆದ ಎಣ್ಣೆಗೆ ಹೋಗಲು ದಾರಿಯೇ ಇರುವುದಿಲ್ಲ.

ಹೊಸ ರಿಂಗನ್ನು ಗಾಡಿಯಲ್ಲಿಟ್ಟು ಪಕ್ಕದ ಸಂದಿಗೆ ಫೀಲರ್ ಹಾಕಿ. ಮೇಲಿನ ರಿಂಗಿಗೆ 0.03ರಿಂದ 0.07, ಎರಡನೆಯದಕ್ಕೆ 0.02ರಿಂದ 0.06 ಎಂಎಂ ಇರಬೇಕು. 0.12ರ ಎಲೆ ಮೇಲಿನ ಗಾಡಿಗೆ ಸಲೀಸಾಗಿ ಹೋದರೆ ಆ ಪಿಸ್ಟನ್ ಮತ್ತೆ ಹಾಕಬೇಡಿ.

ಇನ್ನು ಎಂಡ್ ಗ್ಯಾಪ್. ರಿಂಗನ್ನು ಅದು ಹೋಗಲಿರುವ ಬೋರಿಗೇ ಹಾಕಿ. ಪಿಸ್ಟನ್ ತಲೆಕೆಳಗಾಗಿ ಹಿಡಿದು ರಿಂಗನ್ನು ಒತ್ತುತ್ತಾ ಬೋರಿನ ಕೆಳಭಾಗಕ್ಕೆ, ಸವೆತ ಕಡಿಮೆ ಇರುವ ಜಾಗಕ್ಕೆ ಇಳಿಸಿ. ಹಾಗೆ ಮಾಡಿದರೆ ರಿಂಗ್ ಓರೆಯಾಗುವುದಿಲ್ಲ. ಎರಡು ತುದಿಗಳ ನಡುವೆ ಫೀಲರ್ ಹಾಕಿ. ಬೋರಿನ ಪ್ರತಿ ಎಂಎಂಗೆ 0.004 ಎಂಎಂ ಅನ್ನುವುದು ಸಾಮಾನ್ಯ ಲೆಕ್ಕ, 68.5ಕ್ಕೆ 0.27ರ ಆಸುಪಾಸು. ರಿಂಗ್ ಪ್ಯಾಕೆಟ್ ಮೇಲೆ ಅಥವಾ ಮ್ಯಾನುಯಲ್‌ನಲ್ಲಿ ಬೇರೆ ಕೊಟ್ಟಿದ್ದರೆ ಅದೇ ಅಂತಿಮ.

ಗ್ಯಾಪ್ ಕಡಿಮೆ ಇರುವುದು ಜಾಸ್ತಿ ಇರುವುದಕ್ಕಿಂತ ಅಪಾಯ. ಬಿಸಿಗೆ ರಿಂಗ್ ಹಿಗ್ಗಿ ತುದಿಗಳು ಒಂದಕ್ಕೊಂದು ಗುದ್ದುತ್ತವೆ, ರಿಂಗ್ ಮುರಿಯುತ್ತದೆ, ಬೋರ್ ಗೀರುತ್ತದೆ. ಕಡಿಮೆ ಇದ್ದರೆ ನಯವಾದ ಅರದಿಂದ ಒಂದೇ ತುದಿಯನ್ನು ಉಜ್ಜಿ. ಅರ ಹೊರಮುಖದಿಂದ ಒಳಕ್ಕೆ ಓಡಲಿ, ಇಲ್ಲದಿದ್ದರೆ ಲೇಪನ ಎದ್ದು ಬರುತ್ತದೆ. ಗ್ಯಾಪ್ ತೀರಾ ಜಾಸ್ತಿ ಬಂದರೆ ತಪ್ಪು ಸೈಜ್ ರಿಂಗ್ ತಂದಿದ್ದೀರಿ, ಇಲ್ಲವೇ ಬೋರ್ ಅಳತೆಯಲ್ಲಿ ತಪ್ಪಿದೆ. ಮೂರೂ ಸಿಲಿಂಡರಿನ ರಿಂಗುಗಳನ್ನು ಬೇರೆಬೇರೆ ಕವರಿನಲ್ಲಿ ನಂಬರ್ ಬರೆದು ಇಡಿ.

## ಹಂತ 8: ರಿಂಗ್ ಕೂರಿಸುವ ಕ್ರಮ

ಕೆಳಗಿನಿಂದ ಮೇಲಕ್ಕೆ. ಮೊದಲು ಆಯಿಲ್ ರಿಂಗಿನ ಸುಕ್ಕುಪಟ್ಟಿ. ಅದರ ತುದಿಗಳು ಒಂದಕ್ಕೊಂದು ತಾಗಿ ನಿಲ್ಲಬೇಕು, ಒಂದರ ಮೇಲೊಂದು ಹತ್ತಬಾರದು. ಹತ್ತಿದ್ದು ಗೊತ್ತಾಗದೆ ಮುಚ್ಚಿದರೆ ಆ ಸಿಲಿಂಡರ್ ಮೊದಲ ದಿನದಿಂದಲೇ ಆಯಿಲ್ ಕುಡಿಯುತ್ತದೆ. ಆಮೇಲೆ ಅದರ ಮೇಲೊಂದು ಕೆಳಗೊಂದು ತೆಳು ಪಟ್ಟಿ, ಇವನ್ನು ಕೈಯಿಂದಲೇ ಸುತ್ತಿ ಇಳಿಸಿ.

ಎರಡನೇ ರಿಂಗ್ ಮತ್ತು ಮೇಲಿನ ರಿಂಗಿಗೆ ಎಕ್ಸ್‌ಪ್ಯಾಂಡರ್ ಬಳಸಿ, ಬೇಕಾದಷ್ಟೇ ಅರಳಿಸಿ. ಕೈಯಿಂದ ತಿರುಚಿ ಹಾಕಿದ ರಿಂಗ್ ಸೊಟ್ಟಗಾಗಿರುತ್ತದೆ. ತುದಿಯ ಹತ್ತಿರ ಒಂದು ಅಕ್ಷರ ಅಥವಾ ಚುಕ್ಕೆ ಇರುತ್ತದೆ, ಅದು ಪಿಸ್ಟನ್ ತಲೆಯ ಕಡೆ ಬರಬೇಕು. ಎರಡನೇ ರಿಂಗ್ ತಲೆಕೆಳಗಾದರೆ ಎಣ್ಣೆಯನ್ನು ಕೆಳಕ್ಕೆ ಕೆರೆಯುವ ಬದಲು ಮೇಲಕ್ಕೆ ಒಯ್ಯುತ್ತದೆ. ಎಲ್ಲ ಸರಿ ಮಾಡಿಯೂ ಹೊಗೆ ನಿಲ್ಲಲಿಲ್ಲ ಅನ್ನುವವರು ಎರಡನೇ ಸಲ ಬಿಚ್ಚಿದಾಗ ಮೊದಲು ಇದನ್ನೇ ನೋಡಬೇಕು.

ರಿಂಗುಗಳ ಬಾಯಿ ಒಂದೇ ಸಾಲಿಗೆ ಬರದಂತೆ ಸುಮಾರು 120 ಡಿಗ್ರಿ ಅಂತರದಲ್ಲಿಡಿ. ಗಜನ್ ಪಿನ್ನಿನ ನೇರಕ್ಕೂ, ಪಿಸ್ಟನ್ ಗೋಡೆಗೆ ಒತ್ತುವ ನೇರಕ್ಕೂ ಬೇಡ.

## ಹಂತ 9: ಪಿಸ್ಟನ್ ಬೋರಿನೊಳಗೆ

ಮೊದಲು ಕ್ರ್ಯಾಂಕ್ ತೊಳೆದು, ಅದರ ಆಯಿಲ್ ತೂತುಗಳಿಗೆ ಗಾಳಿ ಹೊಡೆದು, ಬೇರಿಂಗಿಗೆ ಆಯಿಲ್ ಹಚ್ಚಿ ಕೂರಿಸಿ. ಮೇನ್ ಕ್ಯಾಪ್ 4.3ರಿಂದ 4.8 ಕೆಜಿ-ಮೀಟರ್. ಬಿಗಿದ ಮೇಲೆ ಕೈಯಿಂದ ಸಲೀಸಾಗಿ ತಿರುಗಬೇಕು.

ಪಿಸ್ಟನ್ ತಲೆಯ ಬಾಣ ಕ್ರ್ಯಾಂಕ್ ಪುಲ್ಲಿಯ ಕಡೆ. ರಿಂಗ್, ಬೋರ್, ಕಂಪ್ರೆಸರ್ ಎಲ್ಲಕ್ಕೂ ಆಯಿಲ್. ರಾಡ್ ಬೋಲ್ಟಿಗೆ ಪೈಪ್ ತುಂಡು ಮರೆಯಬೇಡಿ. ಕಂಪ್ರೆಸರನ್ನು ಬ್ಲಾಕಿನ ಮುಖಕ್ಕೆ ಸಂದಿಯಿಲ್ಲದಂತೆ ಒತ್ತಿ ಹಿಡಿದು, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಪಿಸ್ಟನ್ ನಯವಾಗಿ ಇಳಿಯುತ್ತಾ ಹೋಗಬೇಕು. ತಟ್ಟುವ ಸದ್ದು ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಪಿಸ್ಟನ್ ನಿಂತರೆ ಇನ್ನೊಂದು ಏಟು ಬೇಡ. ಯಾವುದೋ ರಿಂಗ್ ಹೊರಗೆ ಇಣುಕಿದೆ. ಪಿಸ್ಟನ್ ತೆಗೆದು ಮತ್ತೆ ಕಟ್ಟಿ. ಆ ಒಂದು ಏಟಿಗೆ ಹೊಸ ರಿಂಗ್ ಹೋಗುತ್ತದೆ.

ರಾಡ್ ಕ್ಯಾಪ್ ನಟ್ 2.8ರಿಂದ 3.2 ಕೆಜಿ-ಮೀಟರ್. ಪ್ರತಿ ಪಿಸ್ಟನ್ ಹಾಕಿದ ಮೇಲೂ ಕ್ರ್ಯಾಂಕನ್ನು ಒಂದು ಪೂರ್ತಿ ಸುತ್ತು ತಿರುಗಿಸಿ. ರಿಂಗಿನ ಹಿಡಿತದಿಂದ ಸ್ವಲ್ಪ ಬಿಗಿ ಸಹಜ. ಒಂದು ಜಾಗದಲ್ಲಿ ಕಚ್ಚಿ ನಿಂತರೆ ಅಲ್ಲೇ ಬಿಚ್ಚಿ ನೋಡಿ. ಮೂರೂ ಹಾಕಿದ ಮೇಲೆ ಹುಡುಕುವುದು ಮೂರು ಪಟ್ಟು ಕೆಲಸ.

## ಹಂತ 10: ಮುಚ್ಚುವುದು ಮತ್ತು ಮೊದಲ ಸ್ಟಾರ್ಟ್

ಹೆಡ್ ಕೈಯಲ್ಲಿರುವಾಗಲೇ ವಾಲ್ವ್ ಸೀಲ್ ಬದಲಿಸಿ, ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಅದರ ಸೀಟಿಗೆ ಉಜ್ಜಿ ಹೊಂದಿಸುವುದು) ಮಾಡಿ. ಕಂಪ್ರೆಷನ್ ಏರಿದ ಮೇಲೆ ಹಳೆಯ ವಾಲ್ವ್ ಸೋರಿಕೆ ಇನ್ನೂ ಎದ್ದು ಕಾಣುತ್ತದೆ. ಹೆಡ್ ಮುಖದ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಹಾಕಿ. 0.05 ಎಂಎಂಗಿಂತ ಜಾಸ್ತಿ ಸಂದಿ ಇದ್ದರೆ ಫೇಸಿಂಗ್ ಮಾಡಿಸಿ, ಅಂದರೆ ಮುಖ ಸಮ ಮಾಡಿಸಿ. ಹೆಡ್ ಬೋಲ್ಟ್ ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ 5.5ರಿಂದ 6.0 ಕೆಜಿ-ಮೀಟರ್. ಆಯಿಲ್ ಸ್ಟ್ರೈನರ್ ತೊಳೆದೇ ಹಾಕಿ. ಟೈಮಿಂಗ್ ಗುರುತು ಸೇರಿಸಿ, ಬೆಲ್ಟ್ ಹಾಕಿ, ಕೈಯಿಂದ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಿ. ಟ್ಯಾಪೆಟ್ ಸೆಟ್ ಮಾಡಿ.

ಮಿನರಲ್ ಆಯಿಲ್ ಹಾಕಿ, ಸಿಂಥೆಟಿಕ್ ಈಗ ಬೇಡ. ಪ್ಲಗ್ ಹಾಕದೆ, ಕಾಯಿಲ್ ಸಂಪರ್ಕ ಕೊಡದೆ, ಆಯಿಲ್ ಲೈಟ್ ಆರುವವರೆಗೆ ಸೆಲ್ಫ್ ಹೊಡೆಯಿರಿ, ನಡುನಡುವೆ ಸೆಲ್ಫಿಗೆ ವಿರಾಮ ಕೊಟ್ಟು. ಲೈಟ್ ಆರಿದ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ.

ಜೋಡಿಸುವಾಗ ಹಚ್ಚಿದ ಆಯಿಲ್ ಸುಡುವುದರಿಂದ ಮೊದಲು ಸ್ವಲ್ಪ ಹೊಗೆ ಬರುತ್ತದೆ, ಗಾಬರಿ ಬೇಡ. ಆಯಿಲ್ ಲೈಟ್ ಮತ್ತೆ ಹೊತ್ತಿಕೊಂಡರೆ, ಲೋಹ ಬಡಿಯುವ ಸದ್ದು ಬಂದರೆ, ಟೆಂಪರೇಚರ್ ಮುಳ್ಳು ನಡುಗೆರೆ ದಾಟಿದರೆ ತಕ್ಷಣ ನಿಲ್ಲಿಸಿ.

## ಹಂತ 11: ರನ್ನಿಂಗ್ ಇನ್

ಹೊಸ ರಿಂಗ್ ಹಾಕಿದ ಇಂಜಿನ್ನನ್ನು ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವ ರೂಢಿ ತಪ್ಪು. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗುವು ಮಾತ್ರ ಅಲ್ಲ, ಹಿಂದೆ ಸೇರಿಕೊಳ್ಳುವ ಉರಿಯ ಒತ್ತಡ ಕೂಡ. ಐಡಲ್‌ನಲ್ಲಿ ಆ ಒತ್ತಡ ಕಡಿಮೆ. ರಿಂಗ್ ಹೊಂದಿಕೊಳ್ಳುವ ಮುಂಚೆಯೇ ಹೋನಿಂಗ್ ಗೀರು ನುಣ್ಣಗಾಗಿ ಬೋರ್ ಮತ್ತೆ ಹೊಳಪು ಹಿಡಿಯುತ್ತದೆ. ಮಾಡಿದ ಕೆಲಸವೆಲ್ಲ ಅಲ್ಲಿಗೆ ಮುಗಿಯಿತು.

ಸೋರಿಕೆ ಇಲ್ಲ ಅಂತ ನೋಡಿಕೊಂಡು, ಇಂಜಿನ್ ಬಿಸಿಯಾದ ಮೇಲೆ ರಸ್ತೆಗೆ ಇಳಿಸಿ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 30ರಿಂದ 50 ಕಿಮೀ ವೇಗಕ್ಕೆ ತಕ್ಕಮಟ್ಟಿಗೆ ಒತ್ತಿ ಏರಿಸಿ, ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿಸಿ. ಹತ್ತು ಹನ್ನೆರಡು ಸಲ ಹೀಗೆ ಮಾಡಿ. ಬಿಟ್ಟಾಗ ಮೇಲೆ ಬರುವ ಆಯಿಲ್ ರಿಂಗನ್ನು ತಂಪು ಮಾಡಿ ಪುಡಿಯನ್ನು ತೊಳೆದುಕೊಂಡು ಹೋಗುತ್ತದೆ. ಮೊದಲ 500 ಕಿಮೀ ಒಂದೇ ವೇಗದಲ್ಲಿ ಹೈವೇ ಓಡಿಸಬೇಡಿ, ಭರ್ತಿ ಲೋಡ್ ಬೇಡ, ದೊಡ್ಡ ಗೇರಿನಲ್ಲಿ ಗುಗ್ಗರಿಸುತ್ತಾ ಎಳೆಸುವುದೂ ಬೇಡ.

500 ಕಿಮೀಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಇಳಿಸಿದ ಆಯಿಲ್ ಬಿಸಿಲಿಗೆ ಹಿಡಿದು ನೋಡಿ. ತೆಳ್ಳಗೆ ಬೂದು ಹೊಳಪು ಇದ್ದರೆ ರಿಂಗ್ ಹೊಂದಿಕೊಂಡಿದ್ದರ ಪುಡಿ, ಸಹಜ. ಬೆರಳಿಗೆ ತರಿ ಸಿಕ್ಕರೆ, ಚಕ್ಕೆ ಕಂಡರೆ ಮುಂದೆ ಓಡಿಸಬೇಡಿ, ಚೇಂಬರ್ ಇಳಿಸಿ ಬೇರಿಂಗ್ ನೋಡಿ. ಎಲ್ಲ ಸರಿ ಇದ್ದರೆ 1,000 ಕಿಮೀ ಆದಮೇಲೆ ಕಂಪ್ರೆಷನ್ ಮತ್ತೆ ಅಳೆಯಿರಿ. ಒಂದು ಸಿಲಿಂಡರ್ ಮಾತ್ರ ಹಿಂದೆ ಉಳಿದು, ಒಂದು ಚಮಚ ಆಯಿಲ್‌ಗೆ ಮೇಲೆದ್ದರೆ ಆ ಒಂದರ ರಿಂಗ್ ಮುರಿದಿದೆ ಅಥವಾ ಉಲ್ಟಾ ಕೂತಿದೆ. ಮೂರೂ ಸಮವಾಗಿ ಸ್ವಲ್ಪ ಕಡಿಮೆ ಇದ್ದು ಹೊಗೆ ಇಳಿಯುತ್ತಿದ್ದರೆ ಇನ್ನೂ ಸ್ವಲ್ಪ ಓಡಿಸಿ ನೋಡಿ, ಆಯಿಲ್ ಡಿಪ್‌ಸ್ಟಿಕ್ಕನ್ನು ವಾರಕ್ಕೊಮ್ಮೆ ಪರೀಕ್ಷಿಸುತ್ತಾ.